ಇಂಗ್ಲಿಷ್ ವಾಕ್ಯದೋಷಗಳೂ ಕನ್ನಡ ವ್ಯಾಕರಣವೂ

ಇಂಗ್ಲಿಷ್ ಭಾಷೆಯ ಪರೀಕ್ಷೆಗಳಲ್ಲಿ ಒಂದು ಬಗೆಯ ಪ್ರಶ್ನೆಯು ಬಹುಕಾಲದಿಂದ ರೂಢಿಯಲ್ಲಿರುವುದು ಉಪಾಧ್ಯಾಯರಿಗೆಲ್ಲ ತಿಳಿದ ಸಂಗತಿಯಾಗಿದೆ. ಕೆಲವು ತಪ್ಪು ವಾಕ್ಯಗಳನ್ನು ಕೊಟ್ಟು, ಅವುಗಳಲ್ಲಿರುವ ದೋಷವನ್ನು ಗುರುತಿಸಿ ತಿದ್ದಿ ಬರೆಯಬೇಕೆಂದು ಕೇಳುವುದೇ ಆ ಪ್ರಶ್ನೆ. ಮೇಲೆ ನೋಡಿದರೆ ಇದು ಐದಾರು ಅಂಕಗಳ ಅಲ್ಪ ವಿಷಯ. ಆದರೆ ಭಾಷೆಯಲ್ಲಿ ದೋಷವೆಂದರೇನು, ಅದು ಎಲ್ಲಿಂದ ಹುಟ್ಟುತ್ತದೆ, ಅದನ್ನು ನಿರ್ಣಯಿಸುವ ಅಧಿಕಾರವು ಯಾರದು ಎಂಬ ದೊಡ್ಡ ವಿಚಾರಗಳು ಇದರಲ್ಲಿ ಅಡಗಿವೆ. ಬೆಂಗಳೂರಿನ ದಂಡುಪ್ರದೇಶದಲ್ಲಿಯೂ ಅದರ ಪೂರ್ವಕ್ಕಿರುವ ಬಡಾವಣೆಗಳಲ್ಲಿಯೂ ಇಂಗ್ಲಿಷ್ ಕಲಿತ ಮಕ್ಕಳ ತಪ್ಪುಗಳೆಂದು ಎಣಿಸಲ್ಪಟ್ಟವುಗಳಲ್ಲಿ ಹೆಚ್ಚಿನವು ಅಜಾಗ್ರತೆಯ ಫಲವಲ್ಲ, ತಾಯ್ನುಡಿಯ ವ್ಯಾಕರಣನಿಯಮಗಳು ಇಂಗ್ಲಿಷಿನಲ್ಲಿ ಮೂಡಿಸಿದ ಗುರುತುಗಳು, ಎಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ. ಈ ಮಾತು ಸಾಧಿತವಾದರೆ, ತಿದ್ದುವ ವಿಧಾನವೂ ಬೇರೆಯಾಗಬೇಕಾಗುತ್ತದೆ.

ದಂಡಿನ ಭಾಷಾಸ್ಥಿತಿ

1799ರಲ್ಲಿ ಶ್ರೀರಂಗಪಟ್ಟಣವು ಇಂಗ್ಲಿಷರ ವಶವಾದಮೇಲೆ ಅಲ್ಲಿ ನೆಲೆಗೊಂಡಿದ್ದ ಸೈನ್ಯವನ್ನು 1809ರಲ್ಲಿ ಬೆಂಗಳೂರಿಗೆ ತಂದು, ಹಲಸೂರಿನ ಸುತ್ತಣ ಪ್ರದೇಶದಲ್ಲಿ ಇಳಿಸಿದರು. ಅಂದಿನಿಂದ ಬೆಂಗಳೂರು ಪೇಟೆ, ದಂಡು ಎಂಬ ಎರಡು ಊರುಗಳಾಗಿ ಬೆಳೆಯಿತು. 1881ರಲ್ಲಿ ಮೈಸೂರು ರಾಜ್ಯವನ್ನು ಒಡೆಯರಿಗೆ ಹಿಂದಿರುಗಿಸಿದಾಗಲೂ ದಂಡು ಮಾತ್ರ ಸಿವಿಲ್ ಮತ್ತು ಮಿಲಿಟರಿ ಸ್ಟೇಷನ್ ಎಂಬ ಹೆಸರಿನಿಂದ ಬ್ರಿಟಿಷ್ ರೆಸಿಡೆಂಟರ ಆಡಳಿತದಲ್ಲಿಯೇ ಉಳಿದು, 1947ರಲ್ಲಿ ಮೈಸೂರಿಗೆ ಮರಳಿತು. 1949ರಲ್ಲಿ ಎರಡು ಊರುಗಳೂ ಒಂದೇ ನಗರಸಭೆಗೆ ಒಳಪಟ್ಟವು.

ಸೈನ್ಯದೊಡನೆ ಮದರಾಸು ಪ್ರಾಂತದಿಂದ ಬಂದ ತಮಿಳರು ಹಲಸೂರಿನಲ್ಲಿಯೂ, ಇಂದು ಶಿವಾಜಿನಗರವೆನಿಸಿಕೊಂಡಿರುವ ಬ್ಲಾಕ್‌ಪಲ್ಲಿಯಲ್ಲಿಯೂ ನೆಲಸಿದರು. ದಖನಿ ಮಾತನಾಡುವ ಮುಸಲ್ಮಾನರೂ, ತೆಲುಗರೂ, ಇಂಗ್ಲಿಷನ್ನೇ ಮನೆಮಾತಾಗಿ ಉಳ್ಳ ಆಂಗ್ಲೋ ಇಂಡಿಯನ್ನರೂ ಅಲ್ಲಿಯೇ ಇದ್ದರು. ಸುತ್ತಲಿನ ಹಳ್ಳಿಗಳಿಂದ ಹಾಲು, ತರಕಾರಿ, ಕೂಲಿಗಳಿಗಾಗಿ ಬರುತ್ತಿದ್ದವರಲ್ಲಿ ಕನ್ನಡವೂ ತೆಲುಗೂ ಬೆರೆತಿದ್ದವು. 1940ರಲ್ಲಿ ಸ್ಥಾಪಿತವಾದ ವಿಮಾನ ಕಾರ್ಖಾನೆಯೂ, 1948ರಲ್ಲಿ ಕೃಷ್ಣರಾಜಪುರದ ಬಳಿ ಆರಂಭವಾದ ದೂರವಾಣಿ ಕಾರ್ಖಾನೆಯೂ ಭರತಖಂಡದ ನಾನಾ ಭಾಷೆಗಳ ಜನರನ್ನು ಪೂರ್ವಭಾಗಕ್ಕೆ ಕರೆತಂದವು. ಅನಂತರ ಹುಟ್ಟಿದ ಇಂದಿರಾನಗರವು ಈ ಮಿಶ್ರಣವನ್ನು ಇನ್ನೂ ಹೆಚ್ಚಿಸಿತು. ಆದ್ದರಿಂದ ಇಲ್ಲಿಯ ಒಂದು ತರಗತಿಯಲ್ಲಿ ನಾಲ್ಕೈದು ಮನೆಮಾತುಗಳ ಮಕ್ಕಳು ಒಂದೇ ಬೆಂಚಿನಮೇಲೆ ಕುಳಿತು ಒಂದೇ ಇಂಗ್ಲಿಷ್ ಪರೀಕ್ಷೆಗೆ ಸಿದ್ಧರಾಗುವುದು ಹಿಂದೆಯೂ ಇತ್ತು, ಇಂದೂ ಇದೆ.

ಪರೀಕ್ಷೆಯ ಬಲ

ಇಂಗ್ಲಿಷಿನ ಒಂದು ತಪ್ಪಿಗೆ ಅಷ್ಟೊಂದು ಬೆಲೆ ಬಂದುದಕ್ಕೆ ಕಾರಣವನ್ನು ಉದ್ಯೋಗದಲ್ಲಿ ಹುಡುಕಬೇಕು. 1835ರ ಮೆಕಾಲೆಯ ಟಿಪ್ಪಣಿಯಿಂದ ಇಂಗ್ಲಿಷ್ ವಿದ್ಯೆಗೆ ಸರ್ಕಾರದ ಆಶ್ರಯ ದೊರೆಯಿತು. 1844ರಲ್ಲಿ ಗವರ್ನರ್ ಜನರಲ್ ಹಾರ್ಡಿಂಜನು ಇಂಗ್ಲಿಷ್ ಕಲಿತವರಿಗೆ ಸರ್ಕಾರಿ ಹುದ್ದೆಗಳಲ್ಲಿ ಪ್ರಾಶಸ್ತ್ಯವಿರಬೇಕೆಂದು ನಿರ್ಣಯಿಸಿದನು. 1854ರ ವುಡ್ಡನ ಆಜ್ಞಾಪತ್ರವು ವಿಶ್ವವಿದ್ಯಾನಿಲಯಗಳಿಗೆ ದಾರಿಮಾಡಿತು. 1857ರಲ್ಲಿ ಮದರಾಸು ವಿಶ್ವವಿದ್ಯಾನಿಲಯವು ಹುಟ್ಟಿತು. ಬೆಂಗಳೂರಿನಲ್ಲಿ 1858ರಲ್ಲಿ ಸ್ಥಾಪಿತವಾಗಿ 1875ರಲ್ಲಿ ಸೆಂಟ್ರಲ್ ಕಾಲೇಜೆಂದು ಹೆಸರು ಪಡೆದ ಹೈಸ್ಕೂಲೂ ಈ ವಿಶ್ವವಿದ್ಯಾನಿಲಯದ ಪರೀಕ್ಷೆಗಳಿಗೇ ತನ್ನ ವಿದ್ಯಾರ್ಥಿಗಳನ್ನು ಕಳುಹಿಸುತ್ತಿತ್ತು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾಗುವವರೆಗೂ ಇದೇ ಕ್ರಮವು ನಡೆಯಿತು.

ದಂಡಿನಲ್ಲಿ 1865ರಲ್ಲಿ ಬಿಷಪ್ ಕಾಟನ್ ಶಾಲೆಯೂ, 1880ರಲ್ಲಿ ಬಾಲ್ಡ್‌ವಿನ್ ಶಾಲೆಯೂ, 1882ರಲ್ಲಿ ಸೇಂಟ್ ಜೋಸೆಫ್ ಕಾಲೇಜೂ ಆರಂಭವಾದುವು. ಇವು ಮುಖ್ಯವಾಗಿ ಇಂಗ್ಲಿಷು ಮನೆಮಾತಾಗಿದ್ದವರನ್ನು ಉದ್ದೇಶಿಸಿ ಹುಟ್ಟಿದ ಸಂಸ್ಥೆಗಳು. ಇದಕ್ಕೆ ಪ್ರತಿಯಾಗಿ, ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರರು 1873ರಲ್ಲಿ ದಂಡಿನ ಬಡಮಕ್ಕಳಿಗಾಗಿ ಧರ್ಮಶಾಲೆಯನ್ನು ತೆರೆದರು. ಒಂದು ಕಡೆಯ ಮಕ್ಕಳಿಗೆ ಇಂಗ್ಲಿಷು ಹುಟ್ಟುಮಾತು. ಇನ್ನೊಂದು ಕಡೆಯವರಿಗೆ ಕಲಿತ ಮಾತು. ಆದರೆ ಶುದ್ಧಾಶುದ್ಧಗಳ ಅಳತೆಗೋಲು ಇಬ್ಬರಿಗೂ ಒಂದೇ ಆಗಿತ್ತು. ಈ ಅಂತರವನ್ನು ಗಮನಿಸದೆ ದೋಷಗಳ ಚರಿತ್ರೆಯನ್ನು ಬರೆಯುವುದು ಸಾಧ್ಯವಿಲ್ಲ.

1902ರ ವಿಶ್ವವಿದ್ಯಾನಿಲಯ ಆಯೋಗವು, ಪಾಠಕ್ರಮದಲ್ಲಿ ಇಂಗ್ಲಿಷಿಗೆ ಅಷ್ಟು ಪ್ರಮುಖ ಸ್ಥಾನವಿದ್ದರೂ ಫಲವು ನಿರಾಶಾದಾಯಕವಾಗಿದೆಯೆಂದು ಅಭಿಪ್ರಾಯಪಟ್ಟಿತು. ಕಾಲೇಜಿಗೆ ಸೇರಿದವರಲ್ಲಿ ಅನೇಕರು ಇಂಗ್ಲಿಷ್ ಉಪನ್ಯಾಸವನ್ನು ಅರ್ಥಮಾಡಿಕೊಳ್ಳಲಾರರೆಂಬುದು ಆಯೋಗದ ದೂರು. ಇಂತಹ ಸನ್ನಿವೇಶದಲ್ಲಿಯೇ ದೋಷಗಳ ಪಟ್ಟಿಗಳು ಗ್ರಂಥರೂಪವಾಗಿ ಬೆಳೆದುವು.

ದೋಷಪಟ್ಟಿಗಳು

ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಿಂದ ಮುಂದೆ ನೆಸ್‌ಫೀಲ್ಡನ ವ್ಯಾಕರಣಗಳು ಭರತಖಂಡದ ಶಾಲೆಗಳಲ್ಲೆಲ್ಲ ಹರಡಿದುವು. 1907ರಲ್ಲಿ, ಮುಂಬಯಿ ಪ್ರಾಂತದ ಸಿವಿಲ್ ಸರ್ವಿಸಿನಲ್ಲಿದ್ದ ಜಾರ್ಜ್ ಕ್ಲಿಫರ್ಡ್ ವ್ಹಿಟ್‌ವರ್ತನು, ವಿದ್ಯಾವಂತ ಭಾರತೀಯರು ಬರೆಯುವ ಇಂಗ್ಲಿಷಿನಲ್ಲಿ ಕಂಡುಬರುವ ನುಡಿಗಟ್ಟಿನ ದೋಷಗಳನ್ನು ಪರಿಶೀಲಿಸಿ ಒಂದು ಗ್ರಂಥವನ್ನೇ ಪ್ರಕಟಿಸಿದನು. 1930ರ ದಶಕದಲ್ಲಿ ರೆನ್ ಮತ್ತು ಮಾರ್ಟಿನ್ ಎಂಬಿಬ್ಬರ ವ್ಯಾಕರಣವು ಹೊರಬಂದು, ಇಂದಿಗೂ ಬೆಂಗಳೂರಿನ ಪುಸ್ತಕದಂಗಡಿಗಳಲ್ಲಿ ದೊರೆಯುತ್ತಿದೆ. ತಪ್ಪು ವಾಕ್ಯಗಳನ್ನು ತಿದ್ದುವ ಅಭ್ಯಾಸಗಳು ನಮ್ಮ ಶಾಲೆಗಳಲ್ಲಿ ಬೇರೂರಿದುದು ಇಂತಹ ಪುಸ್ತಕಗಳಿಂದ.

ಇಲ್ಲಿ ಒಂದು ಸಂಗತಿಯನ್ನು ಮರೆಯಬಾರದು. ವ್ಹಿಟ್‌ವರ್ತನ ಪುಸ್ತಕಕ್ಕಿಂತ ಒಂದು ವರ್ಷ ಮುಂಚೆ, 1906ರಲ್ಲಿ, ಫೌಲರ್ ಸೋದರರು ಇಂಗ್ಲಿಷಿನ ಶುದ್ಧಪ್ರಯೋಗವನ್ನು ಕುರಿತು ಪ್ರಸಿದ್ಧವಾದ ಒಂದು ಗ್ರಂಥವನ್ನು ಇಂಗ್ಲೆಂಡಿನಲ್ಲಿ ಪ್ರಕಟಿಸಿದ್ದರು. ಅದರಲ್ಲಿ ಎತ್ತಿತೋರಿಸಿದ ತಪ್ಪುಗಳು ಇಂಗ್ಲಿಷರೇ ಬರೆದವು. ಎಂದರೆ, ಹುಟ್ಟಿನಿಂದ ಇಂಗ್ಲಿಷ್ ಬಲ್ಲವರ ದೋಷಗಳೂ ಒಂದು ಪುಸ್ತಕಕ್ಕೆ ಸಾಲುವಷ್ಟಿದ್ದುವು. ಎರಡು ಪಟ್ಟಿಗಳಿಗೂ ಇರುವ ವ್ಯತ್ಯಾಸವು ಸಂಖ್ಯೆಯದಲ್ಲ, ಮೂಲದ್ದು. ಇಂಗ್ಲಿಷನು ತನ್ನ ಭಾಷೆಯ ಒಳಗಿನ ಎಳೆತಗಳಿಂದ ತಪ್ಪುವನು; ಭಾರತೀಯನು ಎರಡು ಭಾಷೆಗಳ ನಡುವಣ ಎಳೆತದಿಂದ ತಪ್ಪುವನು. ಆದರೆ ನಮ್ಮ ಶಾಲೆಗಳಿಗೆ ಬಂದ ಪಟ್ಟಿಗಳು ಇದು ತಪ್ಪು, ಇದು ಸರಿ ಎಂದು ಎರಡು ಅಂಕಣಗಳಲ್ಲಿ ಹೇಳಿ ನಿಲ್ಲಿಸಿದವೇ ಹೊರತು, ಕಲಿಯುವವನ ಭಾಷೆಯನ್ನು ಕೇಳಲಿಲ್ಲ.

ದೋಷಗಳ ಮೂಲ

ಈಗ ಪರೀಕ್ಷೆಗಳಲ್ಲಿ ಹೆಚ್ಚಾಗಿ ಕಂಡುಬರುವ ಕೆಲವು ದೋಷಗಳನ್ನು ಕನ್ನಡದೊಡನೆ ಹೋಲಿಸಿ ನೋಡೋಣ.

‘ಐ ಆಮ್ ಲಿವಿಂಗ್ ಇನ್ ಹಲಸೂರು ಸಿನ್ಸ್ ಟೆನ್ ಇಯರ್ಸ್’ ಎಂಬುದು ತಪ್ಪು ವಾಕ್ಯಗಳ ಪಟ್ಟಿಯಲ್ಲಿ ತಪ್ಪದೆ ಬರುವ ಮಾದರಿ. ‘ಹತ್ತು ವರ್ಷಗಳಿಂದ ಹಲಸೂರಿನಲ್ಲಿ ವಾಸವಾಗಿದ್ದೇನೆ’, ‘1990ರಿಂದ ಹಲಸೂರಿನಲ್ಲಿ ವಾಸವಾಗಿದ್ದೇನೆ’ ಎಂಬ ಎರಡು ವಾಕ್ಯಗಳನ್ನು ನೋಡಿದರೆ ಕಾರಣವು ಸ್ಪಷ್ಟವಾಗುತ್ತದೆ. ಕಾಲದ ಆರಂಭಬಿಂದುವಿಗೂ ಕಾಲದ ಅವಧಿಗೂ ಕನ್ನಡದಲ್ಲಿ ‘ಇಂದ’ ಎಂಬ ಒಂದೇ ಪ್ರತ್ಯಯವು ಸಾಕು. ಕ್ರಿಯಾಪದವೂ ವರ್ತಮಾನದಲ್ಲಿಯೇ ನಿಲ್ಲುತ್ತದೆ. ಇಂಗ್ಲಿಷು ಬಿಂದುವಿಗೆ ‘ಸಿನ್ಸ್’, ಅವಧಿಗೆ ‘ಫಾರ್’ ಎಂದು ಭೇದಮಾಡಿ, ಕ್ರಿಯೆಯನ್ನು ‘ಹ್ಯಾವ್ ಬೀನ್ ಲಿವಿಂಗ್’ ಎಂಬ ರೂಪಕ್ಕೆ ತಿರುಗಿಸುತ್ತದೆ. ಆದ್ದರಿಂದ ‘ಸಿನ್ಸ್’ ಕಂಡೊಡನೆ ವಿದ್ಯಾರ್ಥಿಯು ಎರಡು ಪ್ರಶ್ನೆಗಳನ್ನು ಹಾಕಿಕೊಳ್ಳಬೇಕು: ಮುಂದಿರುವುದು ಬಿಂದುವೋ ಅವಧಿಯೋ? ಕ್ರಿಯಾಪದವು ಬರಿಯ ವರ್ತಮಾನದಲ್ಲಿದೆಯೋ?

‘ಹಿ ಸೆಡ್ ದಟ್ ಐ ವಿಲ್ ಕಮ್’ ಎಂಬುದು ಎರಡನೆಯ ಮಾದರಿ. ಬರುವವನು ಹೇಳಿದವನೇ ಎಂಬುದು ಬರೆದವನ ಅಭಿಪ್ರಾಯ. ಕನ್ನಡದಲ್ಲಿ ‘ಎಂದು’ ಎಂಬ ಅವ್ಯಯವು ಹಿಂದಿನ ಮಾತನ್ನು ಆಡಿದಂತೆಯೇ ಉಳಿಸಿಕೊಳ್ಳುತ್ತದೆ: ‘ನಾನು ಬರುತ್ತೇನೆಂದು ಅವನು ಹೇಳಿದನು.’ ಇಂಗ್ಲಿಷಿನ ‘ದಟ್’ ಆ ಕೆಲಸವನ್ನು ಮಾಡದು. ಅದರ ಮುಂದೆ ಪುರುಷವೂ ಕಾಲವೂ ಬದಲಾಗಿ ‘ಹಿ ಸೆಡ್ ದಟ್ ಹಿ ವುಡ್ ಕಮ್’ ಎಂದಾಗಬೇಕು. ‘ಎಂದು’ ಎಂಬುದನ್ನು ‘ದಟ್’ ಎಂದು ಭಾಷಾಂತರಿಸಿದುದೇ ಇಲ್ಲಿಯ ದೋಷಕ್ಕೆ ಮೂಲ. ‘ಟೆಲ್ ಮಿ ವೇರ್ ಈಸ್ ಹಿ’ ಎಂಬುದೂ ಇದಕ್ಕೆ ಹತ್ತಿರದ್ದು. ‘ಅವನು ಎಲ್ಲಿದ್ದಾನೆ?’ ಎಂಬ ಪ್ರಶ್ನೆಯು ‘ಅವನು ಎಲ್ಲಿದ್ದಾನೆ, ಹೇಳು’ ಎಂಬಲ್ಲಿ ಕ್ರಮಭೇದವಿಲ್ಲದೆ ಅಡಕವಾಗುತ್ತದೆ. ಇಂಗ್ಲಿಷಿನಲ್ಲಿ ಅಡಕವಾದ ಪ್ರಶ್ನೆಯು ಹೇಳಿಕೆಯ ಕ್ರಮಕ್ಕೆ ಮರಳಿ ‘ವೇರ್ ಹಿ ಈಸ್’ ಎಂದಾಗಬೇಕು.

‘ಮೈ ಫಾದರ್ ಹ್ಯಾವ್ ಕಮ್’ ಎಂಬುದರಲ್ಲಿ ತಪ್ಪಿರುವುದು ವಚನದಲ್ಲಿ. ಆದರೆ ‘ನಮ್ಮ ತಂದೆಯವರು ಬಂದಿದ್ದಾರೆ’ ಎನ್ನುವ ಮಗುವಿಗೆ ತಂದೆಯ ವಿಷಯದಲ್ಲಿ ಏಕವಚನವನ್ನು ಹಚ್ಚುವುದೇ ಅಗೌರವ. ಗೌರವ ಬಹುವಚನವೆಂಬುದು ಇಂಗ್ಲಿಷಿನಲ್ಲಿಲ್ಲವೆಂದು ಒಮ್ಮೆ ಹೇಳಿದರೆ, ನೂರು ಸಲ ತಿದ್ದಿದ್ದಕ್ಕಿಂತ ಹೆಚ್ಚಿನ ಫಲವಾಗುವುದು.

‘ಡಿಸ್ಕಸ್ ಅಬೌಟ್’ ಎಂಬಲ್ಲಿ ಹೆಚ್ಚಾಗಿ ಸೇರಿದ ಪದವು ‘ಅದರ ಬಗ್ಗೆ ಚರ್ಚಿಸು’ ಎಂಬುದರ ನೆರಳು. ‘ಮ್ಯಾರೀಡ್ ವಿತ್’ ಎಂಬುದು ‘ಅವಳೊಡನೆ ಮದುವೆಯಾಯಿತು’ ಎಂಬುದರ ನೆರಳು. ‘ಹಿ ಈಸ್ ಹಿಯರ್ ಓನ್ಲಿ’ ಎಂಬಲ್ಲಿಯ ‘ಓನ್ಲಿ’ ಎಂಬುದು ‘ಇಲ್ಲಿಯೇ ಇದ್ದಾನೆ’ ಎಂಬುದರ ಅವಧಾರಣೆಯ ‘ಏ’ಕಾರ. ‘ಯೂ ಆರ್ ಕಮಿಂಗ್, ಈಸಂಟ್ ಇಟ್?’ ಎಂಬುದು ‘ಬರುತ್ತೀರಿ, ಅಲ್ಲವೇ?’ ಎಂಬುದರ ಪ್ರತಿರೂಪ; ಪುರುಷ, ವಚನ, ಕಾಲಗಳೇನೇ ಇದ್ದರೂ ‘ಅಲ್ಲವೇ’ ಎಂಬುದು ಬದಲಾಗದು, ಇಂಗ್ಲಿಷಿನ ಬಾಲಪ್ರಶ್ನೆಯು ಕ್ರಿಯಾಪದವನ್ನು ಅನುಸರಿಸಿ ಬದಲಾಗುತ್ತದೆ.

ಇವೆಲ್ಲಕ್ಕಿಂತಲೂ ಕಠಿನವಾದುದು ‘ಎ’, ‘ದಿ’ ಎಂಬ ಉಪಪದಗಳ ಪ್ರಶ್ನೆ. ಕನ್ನಡದಲ್ಲಿ ಉಪಪದವಿಲ್ಲವೆಂದು ಹೇಳಿ ಉಪಾಧ್ಯಾಯರು ಮುಂದೆ ಸಾಗುವರು. ಪದವಿಲ್ಲವೆಂಬುದು ನಿಜ, ಆದರೆ ಆ ಭೇದವನ್ನು ತೋರಿಸುವ ಸಾಧನವು ಸ್ವಲ್ಪಮಟ್ಟಿಗೆ ಉಂಟು. ‘ಹುಡುಗನು ಪುಸ್ತಕ ಓದಿದನು’ ಎಂದರೆ ಯಾವುದೋ ಒಂದು ಪುಸ್ತಕ; ‘ಹುಡುಗನು ಪುಸ್ತಕವನ್ನು ಓದಿದನು’ ಎಂದರೆ ಮಾತನಾಡುವವರಿಬ್ಬರಿಗೂ ಗೊತ್ತಿರುವ ಪುಸ್ತಕವೆಂಬ ಧ್ವನಿಯು ಬರುತ್ತದೆ. ಅಚೇತನ ವಸ್ತುಗಳಲ್ಲಿ ದ್ವಿತೀಯಾ ಪ್ರತ್ಯಯವು ಹೀಗೆ ನಿರ್ದಿಷ್ಟತೆಯನ್ನು ಸೂಚಿಸಬಲ್ಲುದು. ಇದು ಎಲ್ಲ ಸಂದರ್ಭಗಳಿಗೂ ಹೊಂದುವ ಸೂತ್ರವಲ್ಲ. ಆದರೂ, ನಿರ್ದಿಷ್ಟತೆಯೆಂಬುದು ಕನ್ನಡಿಗನಿಗೆ ಹೊಸ ಭಾವವಲ್ಲ, ಅವನ ನುಡಿಯಲ್ಲಿ ಬೇರೆ ಸ್ಥಾನದಲ್ಲಿರುವ ಭಾವ ಎಂದು ತೋರಿಸಿದರೆ ಕಲಿಕೆಯ ಅರ್ಧ ಭಾರವು ಇಳಿಯುವುದು.

ತಾಯ್ನುಡಿಯ ಮೇಲೆ ಹೊರಿಸಬಾರದ ದೋಷಗಳು

ಹೀಗೆಂದು ಎಲ್ಲ ತಪ್ಪುಗಳನ್ನೂ ಕನ್ನಡದ ತಲೆಗೆ ಕಟ್ಟುವುದು ನ್ಯಾಯವಲ್ಲ. ‘ಒನ್ ಆಫ್ ಮೈ ಫ್ರೆಂಡ್’ ಎಂಬ ಪ್ರಸಿದ್ಧವಾದ ತಪ್ಪನ್ನು ಪರಿಶೀಲಿಸಿ. ‘ನನ್ನ ಸ್ನೇಹಿತರಲ್ಲಿ ಒಬ್ಬನು’ ಎಂದು ಕನ್ನಡವು ಬಹುವಚನವನ್ನೇ ಹೇಳುತ್ತದೆ. ಇಲ್ಲಿ ಎರಡು ಭಾಷೆಗಳೂ ಒಂದೇ ಮಾತನ್ನು ಹೇಳುತ್ತಿರುವುದರಿಂದ, ಕನ್ನಡವನ್ನು ನೆನಪಿಗೆ ತಂದರೆ ತಪ್ಪು ತಾನಾಗಿಯೇ ತಿದ್ದಿಹೋಗುವುದು. ‘ಡಿಡ್ ನಾಟ್ ವೆಂಟ್’, ‘ಕ್ಯಾನ್ ಸಿಂಗ್ಸ್’ ಮುಂತಾದವು ಇಂಗ್ಲಿಷಿನ ಒಂದು ನಿಯಮವನ್ನು ಸಲ್ಲದ ಕಡೆಗೂ ವಿಸ್ತರಿಸಿದುದರಿಂದ ಆದವು. ಇಂಗ್ಲೆಂಡಿನ ಎಳೆಯ ಮಕ್ಕಳೂ ‘ವೆಂಟ್’ ಎನ್ನುವ ಬದಲು ‘ಗೋಡ್’ ಎನ್ನುತ್ತಾರೆ. 1967ರಲ್ಲಿ ಪಿಟ್ ಕಾರ್ಡರ್ ಎಂಬ ವಿದ್ವಾಂಸನು, ಕಲಿಯುವವನ ತಪ್ಪು ಅವನ ಮನಸ್ಸಿನಲ್ಲಿ ಕಟ್ಟಿಕೊಳ್ಳುತ್ತಿರುವ ವ್ಯಾಕರಣಕ್ಕೆ ಸಾಕ್ಷಿಯೆಂದು ಪ್ರತಿಪಾದಿಸಿದುದು ಇಂತಹ ತಪ್ಪುಗಳಿಗೂ ಅನ್ವಯಿಸುತ್ತದೆ.

ದಂಡಿನ ಬಹುಭಾಷಾಸ್ಥಿತಿಯಲ್ಲಿ ಕನ್ನಡವೊಂದನ್ನೇ ಆಧಾರವಾಗಿಟ್ಟುಕೊಂಡರೆ ಪ್ರಯೋಜನವೇನೆಂದು ಕೆಲವರು ಕೇಳಬಹುದು. ಮೇಲೆ ಹೇಳಿದ ಲಕ್ಷಣಗಳಲ್ಲಿ ಬಹುಭಾಗವು ತಮಿಳು, ತೆಲುಗುಗಳಿಗೂ ಸಮಾನ. ‘ಎಂದು’ ಎಂಬುದಕ್ಕೆ ತಮಿಳಿನಲ್ಲಿ ‘ಎನ್ರು’, ತೆಲುಗಿನಲ್ಲಿ ‘ಅನಿ’ ಇವೆ. ಆರ್ಯಭಾಷೆಯಾದ ದಖನಿಯೂ ನೆರೆಭಾಷೆಗಳ ಸಹವಾಸದಿಂದ ‘ಬೋಲ್ಕೆ’ ಎಂಬುದನ್ನು ಅದೇ ಅರ್ಥದಲ್ಲಿ, ಅದೇ ಸ್ಥಾನದಲ್ಲಿ ಬಳಸುತ್ತದೆ. ಆದ್ದರಿಂದ ಶಿವಾಜಿನಗರದ ದಖನಿ ಹುಡುಗನೂ, ಹಲಸೂರಿನ ತಮಿಳು ಹುಡುಗಿಯೂ, ಕೃಷ್ಣರಾಜಪುರದ ಕನ್ನಡ ಬಾಲಕನೂ ‘ಹಿ ಸೆಡ್ ದಟ್ ಐ ವಿಲ್ ಕಮ್’ ಎಂದು ಬರೆದರೆ ಆಶ್ಚರ್ಯವಿಲ್ಲ. ಮೂವರ ಉತ್ತರಪತ್ರಿಕೆಯಲ್ಲಿಯೂ ಕೆಂಪು ಗೆರೆಯು ಒಂದೇ ಸ್ಥಳದಲ್ಲಿ ಬೀಳುವುದು.

ಬೆಂಗಳೂರಿನ ಒಂದು ಪ್ರಯೋಗ

ತಿದ್ದುವ ಪದ್ಧತಿಯನ್ನೇ ಪ್ರಶ್ನಿಸಿದ ಒಂದು ಪ್ರಯೋಗವು ಬೆಂಗಳೂರಿನ ಹೆಸರಿನಿಂದಲೇ ಲೋಕಪ್ರಸಿದ್ಧವಾಗಿದೆ. ದಕ್ಷಿಣ ರಾಜ್ಯಗಳ ಇಂಗ್ಲಿಷ್ ಉಪಾಧ್ಯಾಯರ ಶಿಕ್ಷಣಕ್ಕಾಗಿ 1963ರಲ್ಲಿ ಬೆಂಗಳೂರಿನಲ್ಲಿ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯು ಸ್ಥಾಪಿತವಾಯಿತು. ಎನ್. ಎಸ್. ಪ್ರಭು ಅವರು ಅದರ ನೆರವಿನಿಂದ 1979ರಿಂದ 1984ರವರೆಗೆ ಬೆಂಗಳೂರು, ಮದರಾಸು ಮುಂತಾದ ಕಡೆಗಳ ಕೆಲವು ಶಾಲೆಗಳಲ್ಲಿ ಈ ಪ್ರಯೋಗವನ್ನು ನಡೆಸಿ, 1987ರಲ್ಲಿ ಅದರ ವಿವರವನ್ನು ಗ್ರಂಥವಾಗಿ ಪ್ರಕಟಿಸಿದರು. ವ್ಯಾಕರಣಸೂತ್ರಗಳನ್ನೂ ವಾಕ್ಯಮಾದರಿಗಳನ್ನೂ ಬಿಟ್ಟು, ರೈಲಿನ ವೇಳಾಪಟ್ಟಿ, ನಕ್ಷೆ ಮೊದಲಾದವುಗಳಿಂದ ಎತ್ತಿಕೊಂಡ ಸಮಸ್ಯೆಗಳನ್ನು ಇಂಗ್ಲಿಷಿನಲ್ಲಿ ಬಿಡಿಸುವಂತೆ ಮಕ್ಕಳಿಗೆ ಹೇಳಲಾಯಿತು. ತಪ್ಪು ಬಂದಾಗ ಉಪಾಧ್ಯಾಯನು ಕೆಲಸದ ನಡುವೆ ಸರಿಯಾದ ರೂಪವನ್ನು ಹೇಳಿ ಮುಂದೆ ಸಾಗುವನು. ಪಾಠವನ್ನು ನಿಲ್ಲಿಸಿ ಆ ದೋಷದ ನಿಯಮವನ್ನು ವಿವರಿಸುವುದಿಲ್ಲ. ಅರ್ಥದಲ್ಲಿ ಮನಸ್ಸು ನೆಟ್ಟಾಗ ವ್ಯಾಕರಣವು ತಾನಾಗಿ ರೂಪುಗೊಳ್ಳುವುದೆಂಬುದು ಪ್ರಭು ಅವರ ಸಿದ್ಧಾಂತ.

1985ರಲ್ಲಿ ಬೆರೆಟ್ಟ, ಡೇವೀಸ್ ಎಂಬವರು ಪ್ರಕಟಿಸಿದ ಮೌಲ್ಯಮಾಪನವು ನಮ್ಮ ವಿಷಯಕ್ಕೆ ಅತ್ಯಂತ ಉಪಯುಕ್ತವಾದುದು. ವಾಕ್ಯರಚನೆಯನ್ನು ನೇರವಾಗಿ ಕೇಳುವ ಪರೀಕ್ಷೆಯಲ್ಲಿ ಹಳೆಯ ಪದ್ಧತಿಯ ಮಕ್ಕಳು ಮುಂದಾದರು. ಸಮಸ್ಯೆಯನ್ನು ಬಿಡಿಸುವ ಪರೀಕ್ಷೆಯಲ್ಲಿ ಹೊಸ ಪದ್ಧತಿಯ ಮಕ್ಕಳು ಮುಂದಾದರು. ಯಾವ ಪಕ್ಷಕ್ಕೂ ಸೇರದ ಪರೀಕ್ಷೆಗಳಲ್ಲಿ ಫಲವು ಬಹುಮಟ್ಟಿಗೆ ಹೊಸ ಪದ್ಧತಿಯ ಕಡೆಗಿತ್ತು. ಎಂದರೆ, ದೋಷವನ್ನು ಗುರುತಿಸುವ ಸಾಮರ್ಥ್ಯವು ಬೇರೆ, ಭಾಷೆಯನ್ನು ಬಳಸುವ ಸಾಮರ್ಥ್ಯವು ಬೇರೆ. ಒಂದರ ಅಭ್ಯಾಸದಿಂದ ಇನ್ನೊಂದು ಪೂರ್ಣವಾಗಿ ಬಾರದು. ಪರೀಕ್ಷೆಯು ದೋಷವನ್ನೇ ಕೇಳುವವರೆಗೆ ದೋಷವಿಚಾರವನ್ನು ಕಲಿಸಬೇಕು. ಆದರೆ ಅದನ್ನೇ ಭಾಷಾಜ್ಞಾನವೆಂದು ಭ್ರಮಿಸಬಾರದು.

ಪರೀಕ್ಷೆಗಳೂ ಒಂದೇ ಬಗೆಯಾಗಿ ಉಳಿದಿಲ್ಲ. 1964ರಲ್ಲಿ ಆರಂಭವಾದ ಅಮೆರಿಕದ ಟೋಫೆಲ್ ಪರೀಕ್ಷೆಯಲ್ಲಿ ಗೆರೆಯೆಳೆದ ಪದಗಳ ನಡುವೆ ತಪ್ಪನ್ನು ಹುಡುಕುವ ಪ್ರಶ್ನೆಗಳು ಬಹುಕಾಲ ಇದ್ದು, 2005ರಲ್ಲಿ ಬಂದ ಹೊಸ ರೂಪದಲ್ಲಿ ಬಿಟ್ಟುಹೋದವು. 1989ರಲ್ಲಿ ಆರಂಭವಾದ ಐಇಎಲ್‌ಟಿಎಸ್ ಪರೀಕ್ಷೆಯು ದೋಷವನ್ನು ಬೇರೆಯಾಗಿ ಕೇಳದೆ, ಬರಹವನ್ನು ಅಳೆಯುವ ನಾಲ್ಕು ಅಂಶಗಳಲ್ಲಿ ವ್ಯಾಕರಣವನ್ನು ಒಂದಾಗಿ ಎಣಿಸುತ್ತದೆ. ಭಾರತದಲ್ಲಿ ಮಾತ್ರ ಹಳೆಯ ಕ್ರಮಕ್ಕೆ ಇನ್ನೂ ಬಲವಿದೆ. ಸೇನಾಧಿಕಾರಿಗಳ ಆಯ್ಕೆಗೆ ಕೇಂದ್ರ ಲೋಕಸೇವಾ ಆಯೋಗವು ನಡೆಸುವ ಪರೀಕ್ಷೆಯಲ್ಲಿ, ವಾಕ್ಯವನ್ನು ಭಾಗಗಳಾಗಿ ಒಡೆದು ದೋಷವು ಯಾವ ಭಾಗದಲ್ಲಿದೆಯೆಂದು ಕೇಳುತ್ತಾರೆ. ದೋಷವಿಲ್ಲವೆಂಬುದೂ ಒಂದು ಉತ್ತರವಾಗಿರುತ್ತದೆ. ಈ ಕೊನೆಯ ಉತ್ತರವೇ ಅತಿ ಕಷ್ಟದ್ದೆಂದು ತೋರುತ್ತದೆ. ಏಕೆಂದರೆ ಪಟ್ಟಿಯನ್ನು ಬಾಯಿಪಾಠ ಮಾಡಿದವನಿಗೆ ಎಲ್ಲೆಲ್ಲಿಯೂ ದೋಷವೇ ಕಾಣುವುದು.

ದೋಷ, ಅದೋಷ

ದೋಷವನ್ನೂ ಅದೋಷವನ್ನೂ ಒಟ್ಟಿಗೆ ವಿಚಾರಿಸುವುದು ಕನ್ನಡಕ್ಕೆ ಹೊಸದಲ್ಲ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗದ ಮೊದಲನೆಯ ಪರಿಚ್ಛೇದಕ್ಕೆ ದೋಷಾದೋಷಗಳ ನಿರ್ಣಯವೇ ವಿಷಯ. ದೇಸಿಯು ಪ್ರದೇಶಕ್ಕೊಂದಾಗಿ ಬೇರೆಬೇರೆಯಾಗಿರುವುದರಿಂದ ಕನ್ನಡಗಳಲ್ಲಿ ದೋಷಗಳು ಇಷ್ಟೇ ಎಂದು ಎಣಿಸಹೊರಟರೆ ವಾಸುಕಿಗೂ ಬೇಸರ ಬರುವುದೆಂಬ ಅಭಿಪ್ರಾಯವನ್ನು ಆ ಗ್ರಂಥದಲ್ಲಿ ಕಾಣುತ್ತೇವೆ. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಪೂರ್ವಕವಿಗಳ ಪ್ರಯೋಗವನ್ನು ಆಧಾರವಾಗಿಟ್ಟುಕೊಂಡು ಲಕ್ಷಣವನ್ನು ಹೇಳಿದನು. ಅರಿಸಮಾಸವನ್ನು ನಿಷೇಧಿಸಿದರೂ ಬಿರುದಾವಳಿ ಮೊದಲಾದ ಕಡೆಗಳಲ್ಲಿ ಪ್ರಯೋಗಬಲದಿಂದ ಅದನ್ನು ಒಪ್ಪಿದನು.

ಇಂಗ್ಲಿಷಿನಲ್ಲಿಯೂ ಹೀಗೆಯೇ ನಡೆದಿದೆ. ‘ಶಲ್’, ‘ವಿಲ್’ಗಳ ಭೇದಕ್ಕೆ ಫೌಲರ್ ಸೋದರರು ಅನೇಕ ಪುಟಗಳನ್ನು ಮೀಸಲಿಟ್ಟರು, ಹಿಂದೆ ಅಂಕ ಕಳೆಯುತ್ತಿದ್ದ ಆ ಭೇದವನ್ನು ಇಂದು ಇಂಗ್ಲೆಂಡಿನಲ್ಲಿಯೇ ಹೆಚ್ಚಿನವರು ಪಾಲಿಸುವುದಿಲ್ಲ. ಗೊತ್ತಾದ ದಿನವನ್ನು ಹಿಂದಕ್ಕೆ ತರುವುದಕ್ಕೆ ಭಾರತೀಯರು ಬಳಸುವ ‘ಪ್ರೀಪೋನ್’ ಎಂಬ ಪದವು ಇಂದು ಆಕ್ಸ್‌ಫರ್ಡಿನ ನಿಘಂಟುಗಳಲ್ಲಿ ಸ್ಥಾನವನ್ನು ಪಡೆದಿದೆ. ಪ್ರಯೋಗವು ಬಲವಾದಾಗ ಲಕ್ಷಣವು ಅದರ ಹಿಂದೆ ಬರುತ್ತದೆ.

ಈ ಎರಡು ವಿದ್ಯೆಗಳೂ ಬೆಂಗಳೂರಿನಲ್ಲಿ ಒಂದೇ ಕೈಯಲ್ಲಿ ಕೂಡಿದ್ದ ಕಾಲವೊಂದಿತ್ತು. 1837ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿದ ಬಿ. ಎಲ್. ರೈಸರು ಮೊದಲು ಬೆಂಗಳೂರು ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿ, ಅನಂತರ ರಾಜ್ಯದ ವಿದ್ಯಾ ಇಲಾಖೆಯ ಅಧಿಕಾರಿಗಳಾಗಿ ಇಂಗ್ಲಿಷ್ ಶಿಕ್ಷಣವನ್ನು ನಡೆಸಿದವರು. ಅವರೇ 1884ರಲ್ಲಿ ನಾಗವರ್ಮನ ಕರ್ಣಾಟಕ ಭಾಷಾಭೂಷಣವನ್ನೂ, 1890ರಲ್ಲಿ ಭಟ್ಟಾಕಳಂಕನ ಶಬ್ದಾನುಶಾಸನವನ್ನೂ ಅಚ್ಚುಹಾಕಿಸಿದರು. ಅಷ್ಟರಲ್ಲಿ, 1872ರಲ್ಲಿ, ಕಿಟ್ಟೆಲರ ಶಬ್ದಮಣಿದರ್ಪಣವು ಮಂಗಳೂರಿನಿಂದ ಬಂದಿತ್ತು. ಕನ್ನಡದ ವ್ಯಾಕರಣಗಳು ಹೀಗೆ ಉಪಾಧ್ಯಾಯರ ಕೈಗೆ ಸಿಕ್ಕಿದರೂ, ಅವು ಕನ್ನಡದ ತರಗತಿಯಲ್ಲಿಯೇ ಉಳಿದುವು. ಗೋಡೆಯಾಚೆಯ ಇಂಗ್ಲಿಷ್ ತರಗತಿಯಲ್ಲಿ ಅದೇ ಮಕ್ಕಳು ಅದೇ ನಿಯಮಗಳ ದೆಸೆಯಿಂದ ಅಂಕಗಳನ್ನು ಕಳೆದುಕೊಳ್ಳುತ್ತಿದ್ದರು. ಈ ಗೋಡೆಯನ್ನು ಕೆಡಹುವುದು ಇಂದಿಗೂ ಉಳಿದಿರುವ ಕೆಲಸ.

ಪರೀಕ್ಷೆಗೆ ನಿಶ್ಚಿತವಾದ ಒಂದು ಅಳತೆ ಬೇಕು. ಅದನ್ನು ಕಲಿಸದೆ ಬಿಟ್ಟರೆ ಬಡವರ ಮಕ್ಕಳಿಗೇ ಹೆಚ್ಚಿನ ನಷ್ಟ. ಆದರೆ ತಪ್ಪಿನ ಪಕ್ಕದಲ್ಲಿ ಸರಿಯನ್ನು ಬರೆಯುವುದಕ್ಕೆ ಮುಂಚೆ, ಆ ತಪ್ಪು ಕನ್ನಡದ ಯಾವ ನಿಯಮದ ಪ್ರಕಾರ ಸರಿ ಎಂಬುದನ್ನು ಒಂದು ವಾಕ್ಯದಲ್ಲಿ ಹೇಳಿದರೆ, ಮಗುವಿಗೆ ತಾನು ದಡ್ಡನಲ್ಲ, ಎರಡು ಭಾಷೆಗಳ ನಡುವೆ ನಿಂತಿರುವವನು ಎಂಬ ಅರಿವು ಬರುವುದು. ಮುಂದಿನ ಸಲ ಆ ತಪ್ಪನ್ನು ಗುರುತಿಸುವ ಕಣ್ಣೂ ಆ ಅರಿವಿನಿಂದಲೇ ಬರುವುದು. ಕನ್ನಡ ಸಾಹಿತ್ಯದ ಉಪಾಧ್ಯಾಯರೂ ಇಂಗ್ಲಿಷ್ ಉಪಾಧ್ಯಾಯರೂ ಕಲೆತು, ತಮ್ಮ ಮಕ್ಕಳ ಉತ್ತರಪತ್ರಿಕೆಗಳಿಂದಲೇ ಇಂತಹ ದೋಷಗಳನ್ನು ಆಯ್ದು, ಮೂಲಸಹಿತವಾಗಿ ಕೋಷ್ಟಕಗಳನ್ನು ಸಿದ್ಧಪಡಿಸುವುದು ಅವಶ್ಯಕ. ವಿದ್ವಾಂಸರು ಈ ವಿಷಯವನ್ನು ಪರಾಮರ್ಶಿಸಿ, ತಮ್ಮ ತಮ್ಮ ಪ್ರಾಂತಗಳ ನಿದರ್ಶನಗಳಿಂದ ಇದನ್ನು ಮುಂದುವರಿಸಬೇಕೆಂದು ಪ್ರಾರ್ಥನೆ.